ಮುಚ್ಚಬಾರದ ಲ್ಯಾಪ್‌ಟಾಪು

ಭೂಗೋಳದ ಮೇಷ್ಟ್ರ ಲ್ಯಾಪ್‌ಟಾಪಿಗೆ ಹನ್ನೊಂದು ವರ್ಷ ತುಂಬಿತ್ತು. ಈ ಅವಧಿಯಲ್ಲಿ ಅದರ ಬ್ಯಾಟರಿ ಮೂರು ಸಲ, ಕೀಬೋರ್ಡು ಎರಡು ಸಲ, ಫ್ಯಾನು ಒಂದು ಸಲ ಬದಲಾಗಿತ್ತು. ಪರದೆ ಬೇರೆ ಯಾವುದೋ ಸತ್ತ ಲ್ಯಾಪ್‌ಟಾಪಿನದು. ಹುಟ್ಟಿದಂದಿನಿಂದ ಹಾಗೇ ಉಳಿದಿದ್ದು ತಳದ ಪ್ಲಾಸ್ಟಿಕ್ ತಟ್ಟೆ, ಮತ್ತು ಅದರ ಮೇಲೆ ಶಾಲೆಯವರು ಬಿಳಿ ಬಣ್ಣದಲ್ಲಿ ಬರೆಸಿದ್ದ ‘ಆಸ್ತಿ ಸಂಖ್ಯೆ ೪೭’ ಎಂಬ ಗುರುತು, ಅಷ್ಟೇ. ಆದರೂ ಯಾರಾದರೂ “ಇನ್ನೂ ಅದೇ ಲ್ಯಾಪ್‌ಟಾಪಾ ಮೇಷ್ಟ್ರೇ?” ಎಂದು ಕೇಳಿದರೆ ಸಾಕು, ಮೇಷ್ಟ್ರು ಎದೆಯುಬ್ಬಿಸಿ “ಅದೇ!” ಎನ್ನುತ್ತಿದ್ದರು.

ಹೆಮ್ಮೆಗೆ ಕಾರಣವಿತ್ತು. ಶಾಲೆಯ ವೇಳಾಪಟ್ಟಿ ಹನ್ನೊಂದು ವರ್ಷದಿಂದ ಅದರೊಳಗೇ ತಯಾರಾಗುತ್ತಿತ್ತು. ಮೂವತ್ತೆರಡು ಜನ ಮೇಷ್ಟ್ರು, ಟೀಚರುಗಳನ್ನು ಇಪ್ಪತ್ತನಾಲ್ಕು ತರಗತಿಗಳಿಗೆ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯದಂತೆ ಹಂಚುವುದು ಹುಡುಗಾಟದ ಮಾತಲ್ಲ. ವಿಜ್ಞಾನದವರಿಗೆ ಊಟವಾದ ಮೇಲಿನ ಪೀರಿಯಡ್ ಬೇಡ, ಗಣಿತದವರಿಗೆ ಊಟಕ್ಕೆ ಮುಂಚಿನದು ಬೇಡ, ಡ್ರಿಲ್ ಮೇಷ್ಟ್ರಿಗೆ ಬಿಸಿಲು ಬೇಡ, ಸಂಗೀತದ ಟೀಚರಿಗೆ ಡ್ರಿಲ್ ಮೇಷ್ಟ್ರ ಸೀಟಿ ಕೇಳಿಸುವ ಕೋಣೆ ಬೇಡ. ಇಷ್ಟು ಬೇಡಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಒಂದೇ ಹಾಳೆಯಲ್ಲಿ ಉಗುಳುವ ಶಕ್ತಿ ಇದ್ದದ್ದು ನಲವತ್ತೇಳಕ್ಕೆ ಮಾತ್ರ. ಮೇಷ್ಟ್ರು ಹಾಗೆಂದು ನಂಬಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಅದರಿಂದಲೇ. ಅದಿಲ್ಲದಿದ್ದರೆ ಅವರು ಗೋಡೆಗೆ ನಕ್ಷೆ ನೇತುಹಾಕುವ ಇನ್ನೊಬ್ಬ ಮೇಷ್ಟ್ರು.

ಮನೆಯಲ್ಲಿ ಈ ಅಭಿಮಾನಕ್ಕೆ ಅಷ್ಟು ಬೆಲೆ ಇರಲಿಲ್ಲ.

“ಅಲ್ರೀ, ನನಗೆ ಬೆನ್ನು ನೋವು ಅಂದ್ರೆ ಬಿಸಿನೀರು ಕಾಸ್ಕೋ ಅಂತೀರಿ,” ಎಂದು ಹೆಂಡತಿ ಆಗಾಗ ಹೇಳುವುದಿತ್ತು. “ಅದರ ಫ್ಯಾನು ಕೆಮ್ಮಿದ್ರೆ ಮಾತ್ರ ರಜೆ ಹಾಕ್ತೀರಿ.”

“ನಿನಗೆ ಬಿಡಿಭಾಗ ಸಿಗಲ್ವಲ್ಲ, ಏನು ಮಾಡ್ಲಿ?” ಎಂದು ಮೇಷ್ಟ್ರು ಒಮ್ಮೆ ಉತ್ತರ ಕೊಟ್ಟು, ಆ ದಿನ ತಾವೇ ಅಡುಗೆ ಮಾಡಿಕೊಂಡು ಉಂಡಿದ್ದರು.

ಹೀಗಿರುವಾಗ ಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿ ಬಂದರು. ಬಂದ ತಿಂಗಳಿಗೇ ಅವರ ಕೋಣೆಗೆ ಫಳಫಳ ಹೊಳೆಯುವ ಹೊಸ ಕಂಪ್ಯೂಟರ್ ಬಂತು. ಅದರ ಹಿಂದೆಯೇ ನೋಟಿಸ್ ಬೋರ್ಡಿಗೆ ಗುಜರಿ ಪಟ್ಟಿ ಬಂತು. ಮುರಿದ ಬೆಂಚು ಹದಿನಾರು, ತೂತು ಬಿದ್ದ ನೀರಿನ ಡ್ರಮ್ಮು ಎರಡು, ಕಾಲಿಲ್ಲದ ಗ್ಲೋಬು ಒಂದು. ಕೊನೆಯ ಸಾಲಿನಲ್ಲಿ, ಆಸ್ತಿ ಸಂಖ್ಯೆ ನಲವತ್ತೇಳು.

ಗ್ಲೋಬು ಹೋಗುವುದಕ್ಕೆ ಭೂಗೋಳದ ಮೇಷ್ಟ್ರು ಚಕಾರ ಎತ್ತಲಿಲ್ಲ. ನಲವತ್ತೇಳನ್ನು ಕಂಡು ಮಾತ್ರ ನೇರವಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನುಗ್ಗಿದರು.

“ಮೇಡಂ, ಅದು ಇನ್ನೂ ಗಟ್ಟಿಮುಟ್ಟಾಗಿದೆ. ಹೋದ ವಾರ ತಾನೆ ಹೊಸ ಮೆಮೊರಿ, ಹೊಸ ಡಿಸ್ಕು ಹಾಕಿಸಿದೀನಿ.”

“ಮೇಷ್ಟ್ರೇ, ಹಳೇದನ್ನ ಎಷ್ಟು ದಿನ ಅಂತ ತೇಪೆ ಹಾಕ್ತೀರಿ?” ಎಂದರು ಅವರು, ಕನ್ನಡಕ ಒರೆಸುತ್ತಾ. “ಆಯ್ತು, ಒಂದು ಅವಕಾಶ ಕೊಡ್ತೀನಿ. ನಾಳೆ ಹನ್ನೊಂದಕ್ಕೆ ಗುಜರಿ ಗಾಡಿ ಬರುತ್ತೆ. ಅಷ್ಟರೊಳಗೆ ಅದು ನನ್ನ ಕಣ್ಣೆದುರು ಕೆಲಸ ಮಾಡಿ ತೋರಿಸಿದ್ರೆ ಅದೂ ನಿಮ್ಮದು, ವೇಳಾಪಟ್ಟಿನೂ ನಿಮ್ಮದು. ಇಲ್ಲದಿದ್ರೆ ಅದು ಗಾಡಿಗೆ, ವೇಳಾಪಟ್ಟಿ ಹೊಸ ಕಂಪ್ಯೂಟರಿಗೆ.”

ಮೇಷ್ಟ್ರು ಗೆದ್ದೇಬಿಟ್ಟೆ ಎಂದುಕೊಂಡು ಮನೆಗೆ ಬಂದರು. ಗೆದ್ದ ಉತ್ಸಾಹದಲ್ಲೇ ಹೆಂಡತಿಗೆ ತೋರಿಸಲು ಲ್ಯಾಪ್‌ಟಾಪಿನ ಮುಚ್ಚಳವನ್ನು ಸರ್ರನೆ ಎತ್ತಿದರು. ಲಟಕ್ ಎಂದಿತು. ಮುಚ್ಚಳದ ಎಡಗಡೆಯ ಕೀಲು ಕಿತ್ತು ಕೈಗೆ ಬಂತು.

“ಉತ್ಸಾಹ ಇರಬೇಕು,” ಎಂದರು ಹೆಂಡತಿ. “ಅದು ಕೀಲಿಗೂ ಸ್ವಲ್ಪ ಇರಬೇಕಿತ್ತು.”

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮೇಷ್ಟ್ರು ತಿರುಪು ಮಾಮನ ಮೆಟ್ಟಿಲ ಮೇಲೆ ಕೂತಿದ್ದರು. ತಿರುಪು ಮಾಮ ಎಂದರೆ ಊರಿನ ಹಳೆಯ ಲ್ಯಾಪ್‌ಟಾಪುಗಳನ್ನೆಲ್ಲ ಬದುಕಿಸುವ ರಿಪೇರಿಯವರು. ಕೆಲಸ ಮಾಡುವಾಗ ಬಿಚ್ಚಿದ ತಿರುಪುಗಳನ್ನು ತುಟಿಯ ನಡುವೆ ಸಾಲಾಗಿ ಇಟ್ಟುಕೊಳ್ಳುವುದರಿಂದ ಆ ಹೆಸರು. ಅವರು ಕೀಲನ್ನು ಅದರ ಜಾಗದಲ್ಲಿ ಕೂರಿಸಿ, ಸುತ್ತ ಅಂಟು ಹಾಕಿ, ತಿರುಪು ಬಿಗಿದು, ಲ್ಯಾಪ್‌ಟಾಪನ್ನು ಚಾಲೂ ಮಾಡಿ ಮೇಷ್ಟ್ರ ಕೈಗಿತ್ತರು.

“ನೋಡಿ ಮೇಷ್ಟ್ರೇ, ಮುಖ್ಯವಾದ ಮಾತು. ಇದನ್ನ ಮುಚ್ಚಬೇಡಿ.”

“ಮುಚ್ಚಲ್ಲ!” ಎಂದರು ಮೇಷ್ಟ್ರು.

ತಿರುಪು ಮಾಮ ಇನ್ನೂ ಏನೋ ಹೇಳುವವರಿದ್ದರು. ಆದರೆ ಮೇಷ್ಟ್ರು ಮೂವತ್ತು ವರ್ಷದಿಂದ ಪಾಠ ಹೇಳುವವರೇ ಹೊರತು ಕೇಳುವವರಲ್ಲ. ಲ್ಯಾಪ್‌ಟಾಪನ್ನು ತಟ್ಟೆಯ ಹಾಗೆ ಎಡಗೈ ಮೇಲೆ ಹೊತ್ತು ಆಗಲೇ ರಸ್ತೆಗಿಳಿದಿದ್ದರು. ಹೋದ ವರ್ಷ ಪರದೆ ಕಪ್ಪಾಗಿ ಮಲಗಿದ್ದು ಮೂರು ದಿನ ಎದ್ದಿರಲಿಲ್ಲ. ಆದ್ದರಿಂದ ಅದಕ್ಕೆ ಜೊಂಪು ಹತ್ತದಂತೆ ಹತ್ತು ಹೆಜ್ಜೆಗೊಮ್ಮೆ ಬಲಗೈಯಿಂದ ಕೀಬೋರ್ಡಿನ ಒಂದು ಕೀಲಿ ಒತ್ತುವುದು ಎಂದು ತೀರ್ಮಾನಿಸಿದರು. ಟಪ್.

ಬಸ್ಸು ತುಂಬಿತ್ತು. ನಿಂತವರ ನಡುವೆ ಮೇಷ್ಟ್ರು ತೆರೆದ ಲ್ಯಾಪ್‌ಟಾಪನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದರು. ಸೀಟಿನಲ್ಲಿದ್ದ ಅಜ್ಜ ಒಬ್ಬರು ಪರದೆ ನೋಡಿ ಗಟ್ಟಿಯಾಗಿ ಓದತೊಡಗಿದರು. “ಒಂಬತ್ತು ಬಿ. ಬುಧವಾರ. ಗಣಿತ, ಗಣಿತ, ಡ್ರಿಲ್... ಪಾಪ ಮಕ್ಕಳು. ಗುರುವಾರ ಏನಿದೆಯಪ್ಪ, ಸ್ವಲ್ಪ ಕೆಳಗಿಳಿಸು.”

ಕಂಡಕ್ಟರ್ ಬಂದ. “ಸಾರ್, ಅದನ್ನ ಮಡಚಿ.”

“ಮಡಚೋ ಹಾಗಿಲ್ಲ.”

“ಹಾಗಾದ್ರೆ ಅದಕ್ಕೂ ಒಂದು ಟಿಕೆಟ್ ತಗೊಳ್ಳಿ. ಇಬ್ಬರ ಜಾಗ ತಿಂತಿದೆ.”

“ರೀ, ಇದಕ್ಕೆ ಹನ್ನೊಂದು ವರ್ಷ ರೀ.”

“ಹಾಗಾದ್ರೆ ಅರ್ಧ ಟಿಕೆಟ್.”

ಬಸ್ಸಿಗೆ ಬಸ್ಸೇ ನಕ್ಕಿತು. ಸ್ವಾಭಿಮಾನಿ ಮೇಷ್ಟ್ರು ಮುಂದಿನ ನಿಲ್ದಾಣದಲ್ಲಿ ಇಳಿದರು. ಅಲ್ಲಿಂದ ಶಾಲೆಗೆ ಒಂದೂವರೆ ಮೈಲಿ, ದಾರಿ ಪೂರಾ ಅಂಗಡಿ ಬೀದಿ.

ಈಗ ಆ ಬೀದಿಯ ಸ್ಥಿತಿಯನ್ನು ಒಂದು ಮಾತಿನಲ್ಲಿ ಹೇಳಬೇಕು. ಪಾದಚಾರಿಗಳಿಗೆಂದು ಕಟ್ಟಿದ ದಾರಿಯ ಮೇಲೆ ಪಾದ ಇಡಲು ಬಿಟ್ಟು ಉಳಿದೆಲ್ಲಕ್ಕೂ ಜಾಗವಿತ್ತು. ಬಕೆಟ್ಟಿನ ಗೋಪುರ, ಹಣ್ಣಿನ ಬುಟ್ಟಿ, ಸೈಕಲ್ಲುಗಳ ಸಾಲು, ಕ್ಷೌರದಂಗಡಿಯ ಬೆಂಚು. ಒತ್ತುವರಿ ಅಳೆಯಲು ನಗರಸಭೆಯವರು ಯಾವ ದಿನವಾದರೂ ಬರುತ್ತಾರೆಂದು ತಿಂಗಳ ಹಿಂದೆಯೇ ದೀಪದ ಕಂಬಗಳಿಗೆ ನೋಟಿಸ್ ಅಂಟಿಸಿದ್ದರು. ಅಂಥ ಬೀದಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಭೀರ ವ್ಯಕ್ತಿಯೊಬ್ಬರು, ಕೈಮೇಲೆ ತೆರೆದ ಲ್ಯಾಪ್‌ಟಾಪ್ ಹೊತ್ತು ಕಾಲಿಟ್ಟರು. ಎಡವಿ ಬೀಳಬಾರದಲ್ಲ, ಪ್ರತಿ ಅಂಗಡಿಯ ಮುಂದೆಯೂ ನಿಂತು ನೆಲವನ್ನು ಕೂಲಂಕಷವಾಗಿ ನೋಡಿದರು. ಆಮೇಲೆ ಒಂದು ಕೀಲಿ ಒತ್ತಿದರು. ಟಪ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಬಕೆಟ್ ಅಂಗಡಿಯವನು ಒಂದೇ ಉಸಿರಿಗೆ ಗೋಪುರವನ್ನು ಒಳಗೆಳೆದುಕೊಂಡು, ಕೈ ಕಟ್ಟಿ ನಿಂತ.

“ಸಾರ್, ಎಲ್ಲಾ ಇದರಲ್ಲೇ ಇದೆಯಾ ಸಾರ್?”

ಮೇಷ್ಟ್ರಿಗೆ ಹಿಗ್ಗಾಯಿತು. ಬಸ್ಸಿನಲ್ಲಿ ಕಾಣದ ಗುಣಗ್ರಾಹಿಗಳು ಬೀದಿಯಲ್ಲಿದ್ದಾರೆ! “ಹನ್ನೊಂದು ವರ್ಷದ್ದು ಎಲ್ಲಾ ಇದೆ,” ಎಂದರು. ಟಪ್.

“ಹನ್ನೊಂದು ವರ್ಷದ್ದಾ! ನಾನು ಅಂಗಡಿ ಇಟ್ಟು ಒಂಬತ್ತೇ ವರ್ಷ ಸಾರ್.”

“ಪರವಾಗಿಲ್ಲ. ಹೀಗೇ ನಡೆಸ್ಕೊಂಡು ಹೋಗಿ, ನಿಮ್ಮದೂ ಹನ್ನೊಂದಾಗುತ್ತೆ.”

ಬಕೆಟ್ಟಿನವನು ಇನ್ನಷ್ಟು ಹತ್ತಿರ ಬಂದ. “ಹಳೇದನ್ನ ಅಳಿಸಿಬಿಡೋಕೆ ಆಗಲ್ವಾ ಸಾರ್?”

“ಅಳಿಸೋದಾ?” ಮೇಷ್ಟ್ರು ಸಿಡಿದರು. “ಹೊಸ ಮೆಮೊರಿ ಹಾಕಿಸಿರೋದು ಯಾಕೆ ಮತ್ತೆ? ಇನ್ಮೇಲೆ ಇದು ಯಾವುದನ್ನೂ ಬಿಡಲ್ಲ!”

ಈ ಮಾತು ಮೇಷ್ಟ್ರಿಗಿಂತ ಬೇಗ ಬೀದಿಯ ಕೊನೆ ಮುಟ್ಟಿತು. ಮುಂದೆ ಮುಂದೆ ಬುಟ್ಟಿಗಳು ಸರಿದವು, ಬೋರ್ಡುಗಳು ಮಾಯವಾದವು, ಸೈಕಲ್ಲುಗಳು ಒಂದರ ಮೇಲೊಂದು ಬಿದ್ದು ಒಳಗೆ ಸೇರಿದವು. ಕ್ಷೌರದಂಗಡಿಯವನು ಬೆಂಚನ್ನು ಎಳೆಯುವ ಅವಸರದಲ್ಲಿ, ಅದರ ಮೇಲೆ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಗಿರಾಕಿಯನ್ನು ಮರೆತ. ಗಿರಾಕಿ ಬೆಂಚಿನ ಸಮೇತ ಒಳಗೆ ಹೋಗಿ, ಬೆಂಚಿಲ್ಲದೆ ಹೊರಗೆ ಬಂದ.

“ಈ ಬೆಂಚು ನಂದಲ್ಲ ಸಾರ್, ನಮ್ಮ ಭಾವಂದು,” ಎಂದ ಕ್ಷೌರದವನು.

“ಒಳ್ಳೇ ಭಾವ,” ಎಂದರು ಮೇಷ್ಟ್ರು. ಟಪ್.

“ಅಯ್ಯೋ, ಭಾವನ್ನೂ ಬರ್ಕೊಂಡ್ರು!”

ಹಣ್ಣಿನಮ್ಮ ಒಬ್ಬಳಿಗೆ ಮಾತ್ರ ಅನುಮಾನ. “ಅಳೆಯೋಕೆ ಬಂದವರು ಟೇಪು ತರದೆ ಬರ್ತಾರೇನ್ರೋ?”

“ಈಗೆಲ್ಲಾ ಹಂಗೇನಮ್ಮ,” ಎಂದ ಸೈಕಲ್ ಅಂಗಡಿಯವನು. “ಮುಚ್ಚಳದ ನೆತ್ತಿ ಮೇಲೆ ಕ್ಯಾಮೆರಾ ಇದೆ ನೋಡು. ನಿನ್ನ ಬುಟ್ಟಿಯ ಸುತ್ತಳತೆ ಅದು ಕಣ್ಣಲ್ಲೇ ಅಳೆಯುತ್ತೆ.” ಆ ಕ್ಯಾಮೆರಾ ಕೆಟ್ಟು ಐದು ವರ್ಷವಾಗಿತ್ತು.

ಮೇಷ್ಟ್ರು ತಿರುಗಿ ನೋಡಿದಾಗ ಹಿಂದೆ ಇಪ್ಪತ್ತು ಇಪ್ಪತ್ತೈದು ಜನ. ತಮ್ಮ ಹೆಸರು ಅಳಿಸಿಕೊಳ್ಳದೆ ಮನೆಗೆ ಹೋಗುವುದಿಲ್ಲ ಎಂದು ಹೊರಟ ಅಂಗಡಿಯವರು, ಉಳಿದರ್ಧ ಗಡ್ಡಕ್ಕಾಗಿ ಕ್ಷೌರದವನನ್ನು ಹಿಂಬಾಲಿಸಿದ ನೊರೆ ಮುಖದ ಗಿರಾಕಿ. ಇಷ್ಟು ಜನ ತಮ್ಮ ಲ್ಯಾಪ್‌ಟಾಪನ್ನು ಬೀಳ್ಕೊಡಲು ಅಲ್ಲ, ಉಳಿಸಿಕೊಳ್ಳಲು ಬರುತ್ತಿದ್ದಾರೆಂದು ತಿಳಿದು ಮೇಷ್ಟ್ರ ಕಣ್ಣು ತೇವವಾಯಿತು.

ಅಷ್ಟರಲ್ಲಿ ಸ್ಕೂಟರಿನಿಂದ ಹಾರಿಳಿದವರು ನಗರಸಭೆಯ ಇನ್ಸ್‌ಪೆಕ್ಟರು. ಆ ಬೀದಿಯನ್ನು ಅಳೆಯಬೇಕಾಗಿದ್ದವರು ನಿಜಕ್ಕೂ ಅವರೇ. ಒಂದು ತಿಂಗಳಿಂದ ನಾಳೆ ನಾಳೆ ಎಂದು ಮುಂದೂಡುತ್ತಿದ್ದರು. ಮೇಲಿನವರು ಹೇಳದೆ ಕೇಳದೆ ಬಂದು ಅಳೆಯುತ್ತಿದ್ದಾರೆಂದು ಯಾರೋ ಫೋನ್ ಮಾಡಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿಯವರು ಅವರು, ಯಾರು ಏನು ಎಂದು ವಿಚಾರಿಸದೆ ಓಡಿಬಂದಿದ್ದರು.

“ಸಾರ್, ಈ ಬೀದಿ ನೋಡ್ಕೊಳ್ಳೋನು ನಾನೇ ಸಾರ್.”

“ಒಳ್ಳೇದಾಯ್ತು. ಹಾಗಾದ್ರೆ ಮುಂದೆ ನಡೆದು ಸ್ವಲ್ಪ ದಾರಿ ಬಿಡಿಸಿ. ಹನ್ನೊಂದರೊಳಗೆ ಮೇಡಂ ಹತ್ತಿರ ಹೋಗಬೇಕು.”

“ಮೇಡಂ ಹತ್ತಿರನಾ?” ಇನ್ಸ್‌ಪೆಕ್ಟರ ಜೀವ ಬಾಯಿಗೆ ಬಂತು. ಇವರಿಗಿಂತಲೂ ಮೇಲೆ ಒಬ್ಬರಿದ್ದಾರೆ!

“ಹೂಂ. ಕೊನೇ ತೀರ್ಮಾನ ಅವರದೇ. ಎಷ್ಟು ವರ್ಷ ದುಡಿದಿದ್ರೂ ಸರಿ, ಕೆಲಸ ಮಾಡ್ತಿಲ್ಲ ಅಂತ ಕಂಡ್ರೆ ಗಾಡಿಗೆ ಹಾಕಿ ಕಳಿಸೋದೇ. ಗಾಡಿ ಆಗಲೇ ಬಂದಿರುತ್ತೆ.”

ಇನ್ಸ್‌ಪೆಕ್ಟರು ಆ ಕ್ಷಣದಿಂದ ಕೆಲಸ ಮಾಡಿದಷ್ಟು ತಮ್ಮ ಇಡೀ ಉದ್ಯೋಗದಲ್ಲಿ ಮಾಡಿರಲಿಲ್ಲ. “ಸರೀರಿ, ಸರೀರಿ! ಆ ಡಬ್ಬ ಎತ್ತು! ಆ ಏಣಿ ಯಾರದು?” ಎಂದು ಕೂಗುತ್ತಾ ಮುಂದೆ ಅವರು, ನಡುವೆ ಲ್ಯಾಪ್‌ಟಾಪ್ ಹೊತ್ತ ಮೇಷ್ಟ್ರು, ಹಿಂದೆ ಬೀದಿಗೆ ಬೀದಿಯೇ. ಮೆರವಣಿಗೆ ಶಾಲೆಯ ಗೇಟಿಗೆ ಬಂದಾಗ ಗಂಟೆ ಹತ್ತೂ ಐವತ್ತು.

ಗೇಟಿನೊಳಗೆ ಗಾಡಿ ನಿಂತೇ ಇತ್ತು. ಮುರಿದ ಬೆಂಚುಗಳ ಕಾಲುಗಳು ಆಕಾಶ ನೋಡುತ್ತಿದ್ದವು. ಅದನ್ನು ಕಂಡು ಅಂಗಡಿಯವರು ಎರಡು ಹೆಜ್ಜೆ ಹಿಂದೆ ಸರಿದರು. ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ಮುಖ್ಯೋಪಾಧ್ಯಾಯಿನಿ ನಿಂತಿದ್ದರು. ಇವರೇ ಆ ಮೇಡಂ ಎಂದು ಇನ್ಸ್‌ಪೆಕ್ಟರಿಗೆ ಯಾರೂ ಹೇಳಬೇಕಾಗಲಿಲ್ಲ.

“ಸಾರ್, ಮೆಟ್ಟಿಲಿದೆ, ನಾನು ಹಿಡ್ಕೋತೀನಿ ಕೊಡಿ,” ಎಂದು ಅವರು ಭಯಭಕ್ತಿಯಿಂದ ಮೇಷ್ಟ್ರ ಕೈಯಿಂದ ಲ್ಯಾಪ್‌ಟಾಪನ್ನು ತೆಗೆದುಕೊಂಡು, ಇಪ್ಪತ್ತು ವರ್ಷದಿಂದ ಫೈಲು ಹಿಡಿದ ಅಭ್ಯಾಸದಂತೆ, ಪಟ್ಟನೆ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

“ಅಯ್ಯೋ ಕೊಂದ್ಯಲ್ಲಯ್ಯಾ!” ಎಂದು ಮೇಷ್ಟ್ರು ಕಿರುಚಿದ್ದು ಎಂಟನೇ ತರಗತಿಯವರೆಗೂ ಕೇಳಿಸಿತು.

“ಮೇಷ್ಟ್ರೇ!” ಮುಖ್ಯೋಪಾಧ್ಯಾಯಿನಿಯ ದನಿ ಅದಕ್ಕಿಂತ ಮೇಲೇರಿತು. “ಒಂದು ಲ್ಯಾಪ್‌ಟಾಪಿಗೋಸ್ಕರ ನನ್ನ ಮೇಲೆ ಮೆರವಣಿಗೆ ತಂದಿದೀರಾ?”

“ಮೇಷ್ಟ್ರಾ?” ಎಂದಿತು ಬೀದಿ.

“ಮೇಷ್ಟ್ರಾ?” ಎಂದರು ಇನ್ಸ್‌ಪೆಕ್ಟರು, ಎರಡು ಅಂಗುಲ ಎತ್ತರವಾಗಿ.

“ಟೇಪಿಲ್ಲ ಅಂತ ನಾನು ಆಗಲೇ ಬಡ್ಕೊಂಡೆ,” ಎಂದಳು ಹಣ್ಣಿನಮ್ಮ.

“ಮತ್ತೆ ನಮ್ಮ ಬಕೆಟ್ಟು ತೆಗೆಸಿದ್ಯಾಕೆ? ಅವರ ಭಾವನ್ನ ಬರ್ಕೊಂಡಿದ್ಯಾಕೆ? ಅದರಲ್ಲಿ ಏನಿದೆ ತೋರ್ಸಿ ಮೊದಲು!” ಎಂದು ಎಲ್ಲರೂ ಒಟ್ಟಿಗೆ ಮುಗಿಬಿದ್ದರು. ಗುಜರಿಯವನು ತನ್ನ ಪಾಡಿಗೆ ಬಂದು, “ಇದೇನಾ ಮೇಡಂ ನಲವತ್ತೇಳು?” ಎಂದು ಕೈ ಚಾಚಿದ.

ಮೇಷ್ಟ್ರು ಗುಜರಿಯವನ ಕೈ ತಳ್ಳಿದರು. ಮುಚ್ಚಿದ ಲ್ಯಾಪ್‌ಟಾಪನ್ನು ಇನ್ಸ್‌ಪೆಕ್ಟರ ಕಂಕುಳಿನಿಂದ ಕಿತ್ತುಕೊಂಡು ಮೆಟ್ಟಿಲ ಮೇಲೆ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು ತಿರುಪು ಮಾಮನಿಗೆ ಫೋನ್ ಮಾಡಿದರು. ಅವಸರದಲ್ಲಿ ಬೆರಳು ಸ್ಪೀಕರ್ ಒತ್ತಿತು. ಹೀಗಾಗಿ ಮಾತು ಎಲ್ಲರಿಗೂ ಕೇಳಿಸಿತು.

“ಮಾಮಾ, ಮುಚ್ಚಿಬಿಡ್ತು!”

“ಮುಚ್ಚಲಿ ಬಿಡಿ. ಮುಚ್ಚೋಕೇ ತಾನೇ ಕೀಲು ಹಾಕಿರೋದು?”

“ಮುಚ್ಚಬೇಡಿ ಅಂದಿದ್ದು ನೀವೇ!”

“ಅಂಟು ಒಣಗೋವರೆಗೆ, ಅರ್ಧ ಗಂಟೆ ಅಂದೆ. ನೀವು ಕೇಳೋಕೆ ನಿಂತ್ರಾ? ಹಿಂದೆ ಓಡಿಬಂದು ಕೂಗಿದೆ, ಬಾಯಲ್ಲಿದ್ದ ಎರಡು ತಿರುಪು ಚರಂಡಿಗೆ ಬಿತ್ತು.”

ನೊರೆ ಮುಖದ ಗಿರಾಕಿ ಮೊದಲು ನಕ್ಕ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ಮೇಷ್ಟ್ರ ಮುಖ ಹರಳೆಣ್ಣೆ ಕುಡಿದ ಹಾಗಾಗಿತ್ತು. ಆದರೆ ನಗುವಿಗೆ ಹೆದರಿ ಎದ್ದುಹೋಗಲು ಅವರು ಬಂದದ್ದು ತಮಗಾಗಿ ಅಲ್ಲ, ನಲವತ್ತೇಳಕ್ಕಾಗಿ. ಎರಡು ಹೆಬ್ಬೆರಳಿನಿಂದ ಮುಚ್ಚಳವನ್ನು ಮೆಲ್ಲಗೆ, ನಿದ್ದೆ ಹೋದ ಮಗುವಿನ ಹೊದಿಕೆ ಸರಿಸುವಂತೆ ಎತ್ತಿದರು. ಕೀಲು ಕಿರ್ರೆನ್ನಲಿಲ್ಲ, ಅಲುಗಲಿಲ್ಲ, ನಿಲ್ಲಿಸಿದಲ್ಲಿ ನಿಂತಿತು. ಪರದೆ ಮಾತ್ರ ಕಪ್ಪಗಿತ್ತು.

ಮೇಷ್ಟ್ರು ಎಣಿಸತೊಡಗಿದರು. ಒಂದು. ಎರಡು. ಮೂರು ಎನ್ನುವಷ್ಟರಲ್ಲಿ ಬೆಳಕು ಬಂತು! ಹೋದ ವರ್ಷ ಮೂರು ದಿನ ಮಲಗಿದ್ದು ಹೊಸ ಡಿಸ್ಕಿನ ಪುಣ್ಯದಿಂದ ಮೂರು ಕ್ಷಣದಲ್ಲಿ ಎದ್ದು ಕೂತಿತು. ಪರದೆಯ ತುಂಬ ಕೆಂಪು, ಹಳದಿ, ಹಸಿರು ಚೌಕಗಳು ಸಾಲುಸಾಲಾಗಿ ನಿಂತಿದ್ದವು.

“ಇದೇ! ಇದೇ ನಮ್ಮ ಬೀದಿ!” ಎಂದ ಬಕೆಟ್ಟಿನವನು. “ಈ ಕೆಂಪು ಡಬ್ಬಿ ನಂದಲ್ವಾ?”

“ಅದು ಏಳನೇ ಕ್ಲಾಸಿನ ಗಣಿತ.”

“ಪಕ್ಕದ ಹಸಿರು ಹಣ್ಣಿನಮ್ಮಂದಾ?”

“ಅದು ಸಂಗೀತ.”

“ನೋಡಿ, ಅವಳಿಗೆ ಮಾತ್ರ ಎರಡು ಡಬ್ಬಿ ಕೊಟ್ಟಿದಾರೆ!”

“ಎಲ್ಲರೂ ಸ್ವಲ್ಪ ಬಾಯಿ ಮುಚ್ತೀರಾ?” ಎಂದರು ಮುಖ್ಯೋಪಾಧ್ಯಾಯಿನಿ. ಗಡಿಯಾರ ನೋಡಿದರು. ಏಳು ನಿಮಿಷ ಉಳಿದಿತ್ತು. “ಮೇಷ್ಟ್ರೇ, ನಾಳೆ ವಿಜ್ಞಾನದವರು, ಡ್ರಿಲ್ಲಿನವರು ಇಬ್ಬರೂ ರಜೆ. ಬದಲಿ ಹಾಕಿ ತೋರಿಸಿ.”

ಮೇಷ್ಟ್ರ ಬೆರಳು ಓಡಿತು. ಟಪ್ ಟಪ್ ಟಪ್. ಚೌಕಗಳು ಜಾಗ ಬದಲಿಸಿದವು, ಒಂದು ಹಳದಿ ಮೇಲೆ ಹೋಯಿತು, ಎರಡು ಹಸಿರು ಕೆಳಗೆ ಬಂದವು, ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ಸಂಗೀತದ ಟೀಚರ ಕೋಣೆಯ ಹತ್ತಿರ ಸೀಟಿಯೂ ಊದಲಿಲ್ಲ. ಎರಡು ನಿಮಿಷಕ್ಕೆ ಕೆಲಸ ಮುಗಿದಿತ್ತು.

“ಹೊಸ ಕಂಪ್ಯೂಟರಲ್ಲೂ ಒಂದು ಸಲ ನೋಡಿಬಿಡಿ ಮೇಡಂ,” ಎಂದರು ಮೇಷ್ಟ್ರು, ದೊಡ್ಡ ಮನಸ್ಸು ಮಾಡಿ.

ಮುಖ್ಯೋಪಾಧ್ಯಾಯಿನಿ ಬೇರೆ ಕಡೆ ನೋಡಿದರು. “ಅದು ಬೆಳಿಗ್ಗೆ ಒಂಬತ್ತರಿಂದ ಅಪ್‌ಡೇಟ್ ಆಗ್ತಿದೆ. ಆರಿಸಬೇಡಿ ಅಂತ ಬರೆದಿದೆ.”

ಹನ್ನೊಂದರ ಗಂಟೆ ಹೊಡೆಯಿತು. ಅವರು ಗುಜರಿಯವನ ಕೈಯಿಂದ ಪಟ್ಟಿ ಇಸಿದುಕೊಂಡು, ಕೊನೆಯ ಸಾಲಿನ ಮೇಲೆ ಗೀಟು ಎಳೆದು, ಸಹಿ ಹಾಕಿದರು. ತಮ್ಮ ಡಬ್ಬಿ ಯಾವುದೂ ಅದರಲ್ಲಿಲ್ಲ ಎಂದು ಖಾತ್ರಿಯಾದ ಸಂತೋಷಕ್ಕೆ ಅಂಗಡಿಯವರು ಚಪ್ಪಾಳೆ ತಟ್ಟಿದರು. ಅದನ್ನೂ ಮೇಷ್ಟ್ರು ಲ್ಯಾಪ್‌ಟಾಪಿನ ಲೆಕ್ಕಕ್ಕೇ ಹಾಕಿಕೊಂಡು ಬಾಗಿ ವಂದಿಸಿದರು. ಬಕೆಟ್ಟಿನವನು ಗೋಪುರ ಮತ್ತೆ ಕಟ್ಟಲು ಓಡಿದ. ಆದರೆ ಇನ್ಸ್‌ಪೆಕ್ಟರು ಹೋದ ಮಾನ ಮರಳಿ ಪಡೆಯಲು ಅವನಿಗಿಂತ ಮೊದಲೇ ಓಡಿ, ಖಾಲಿಯಾದ ಬೀದಿಯ ಉದ್ದಕ್ಕೂ ಸುಣ್ಣದ ಗೆರೆ ಎಳೆಸಿ, ಸಮೀಕ್ಷೆ ಯಶಸ್ವಿ ಎಂದು ವರದಿ ಬರೆದರು. ಕ್ಷೌರದವನು ಅರ್ಧ ಗಡ್ಡವನ್ನು ಗೇಟಿನ ಹತ್ತಿರವೇ ಮುಗಿಸಿಕೊಟ್ಟ.

ಜನ ಚದುರಿದ ಮೇಲೆ ಮುಖ್ಯೋಪಾಧ್ಯಾಯಿನಿ ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು. “ಮೇಷ್ಟ್ರೇ, ಯಾರಿಗೂ ಹೇಳಬೇಡಿ. ನನ್ನ ಹತ್ರಾನೂ ಒಂದಿದೆ. ನಮ್ಮ ಯಜಮಾನ್ರು ಕೊಡ್ಸಿದ್ದು. ಎಸೆಯೋಕೆ ಮನಸ್ಸು ಬರ್ತಿಲ್ಲ. ಆ ನಿಮ್ಮ ರಿಪೇರಿಯವರ ಅಂಗಡಿ ಎಲ್ಲಿ?”

“ಎಷ್ಟು ವರ್ಷದ್ದು ಮೇಡಂ?” ಎಂದರು ಮೇಷ್ಟ್ರು, ಹಿರಿಯರು ಕಿರಿಯರನ್ನು ಕೇಳುವ ಔದಾರ್ಯದಲ್ಲಿ.

“ಹದಿಮೂರು.”

ಮೇಷ್ಟ್ರ ಮುಖದ ನಗು ಅಲ್ಲೇ ನಿಂತಿತು. ಹದಿಮೂರು! ಬೀದಿಯನ್ನೇ ಗೆದ್ದು ಬಂದವರಿಗೆ ಸ್ವಂತ ಶಾಲೆಯಲ್ಲಿ ಎರಡು ವರ್ಷದ ಸೋಲು. ಬೆವರು ಒರೆಸಿಕೊಂಡು, “ಓಡುತ್ತಾ?” ಎಂದು ಕೇಳಿದರು.

“ಎಲ್ಲಿ ಓಡುತ್ತೆ? ಕೆಟ್ಟು ಎಂಟು ವರ್ಷದಿಂದ ಬೀರುವಿನಲ್ಲಿದೆ.”

ಹೋದ ಜೀವ ಬಂದಂತಾಯಿತು. ಮೇಷ್ಟ್ರು ನಲವತ್ತೇಳನ್ನು ಎದೆಗವಚಿಕೊಂಡು ನೆಟ್ಟಗೆ ನಿಂತರು.

“ಬೇಜಾರು ಮಾಡ್ಕೋಬೇಡಿ ಮೇಡಂ. ವಯಸ್ಸಲ್ಲಿ ನಿಮ್ಮದೇ ದೊಡ್ಡದು, ಒಪ್ಕೋತೀನಿ. ಆದ್ರೆ ಸೀನಿಯಾರಿಟಿ ಹಾಕೋದು ಸರ್ವೀಸಿನ ಮೇಲೆ.”